ಕೈಗೆರೆಯ ಮೇಲೆ ಕ್ಲಿಯರ್: ಮಲೆನಾಡಿನ ತೇವದಲ್ಲಿ ಏನು ನೋಡಬೇಕು

ಬುಲೆಟ್ ಬೈಕಿನ ಟ್ಯಾಂಕಿಗೆ ಕೈಯಲ್ಲೇ ಎಳೆದ ಬಂಗಾರದ ಗೆರೆ, ಮೇಲೆ ಕ್ಲಿಯರ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಲೇಪ) ಬಿದ್ದು ಹತ್ತು ನಿಮಿಷಕ್ಕೆ ಸುಕ್ಕುಗಟ್ಟಿ ಎದ್ದರೆ ಮೊದಲು ಬೈಸಿಕೊಳ್ಳುವುದು ಕ್ಲಿಯರ್ ಡಬ್ಬಿ, ಆಮೇಲೆ ಮಳೆ. ಹೆಚ್ಚಿನ ಸಲ ಎರಡರದ್ದೂ ತಪ್ಪಿರುವುದಿಲ್ಲ. ಗೆರೆ ಇನ್ನೂ ಒಣಗಿರಲಿಲ್ಲ, ಅಷ್ಟೆ.

ಕೈಗೆ ಅಂಟದಿರುವುದು ಬೇರೆ, ಒಣಗುವುದು ಬೇರೆ. ಲೈನಿಂಗ್‌ಗೆ, ಎಂದರೆ ಗೆರೆ ಎಳೆಯಲು, ಬಳಸುವುದು ಎಣ್ಣೆಯ ಎನಾಮೆಲ್. ಅದರೊಳಗಿನ ತಿನ್ನರ್ ಕೆಲವು ಗಂಟೆಯಲ್ಲಿ ಹಾರಿಹೋಗುತ್ತದೆ. ಬಣ್ಣ ಗಟ್ಟಿಯಾಗುವುದು ಮಾತ್ರ ಗಾಳಿಯ ಆಮ್ಲಜನಕ ಹೀರಿಕೊಂಡು, ಅದೂ ಮೇಲಿನಿಂದ ಕೆಳಕ್ಕೆ, ಹಾಲಿಗೆ ಕೆನೆ ಕಟ್ಟಿದ ಹಾಗೆ. ಕೆನೆಯ ಕೆಳಗೆ ವಾರಗಟ್ಟಲೆ ಮೆತ್ತಗಿರುತ್ತದೆ. ಅದರ ಮೇಲೆ 2ಕೆ ಕ್ಲಿಯರ್, ಎಂದರೆ ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸಿ ಹೊಡೆಯುವ ಕ್ಲಿಯರ್, ಬಿದ್ದರೆ ಅದರ ಬಿರುಸು ತಿನ್ನರ್ ಕೆನೆಯೊಳಗೆ ಇಳಿದು ಬಣ್ಣವನ್ನು ಉಬ್ಬಿಸುತ್ತದೆ. ಅಡಿಯಲ್ಲಿ ಕಚ್ಚಿಕೊಂಡಿರುವ ಬಣ್ಣಕ್ಕೆ ಅಗಲಕ್ಕೆ ಹೋಗಲು ಜಾಗವಿಲ್ಲ, ಹಾಗಾಗಿ ಮೇಲಕ್ಕೆ ಏಳುತ್ತದೆ. ಸುಕ್ಕು ಎಂದರೆ ಇದೇ. ಒಮ್ಮೆ ಎದ್ದ ಗೆರೆ ಕೂರುವುದಿಲ್ಲ. ಕೆರೆದು ಹೊಸದಾಗಿ ಎಳೆಯಬೇಕು.

ತೇವ ಮತ್ತು ಚಳಿ ಈ ಒಣಗುವಿಕೆಯನ್ನು ಇನ್ನಷ್ಟು ಎಳೆಯುತ್ತವೆ. ಬಣ್ಣ ನೀರಾಗಿ ಓಡಲಿ ಎಂದು ಸೀಮೆಎಣ್ಣೆ ಬೆರೆಸುವ ಅಭ್ಯಾಸ ಹಲವರಿಗಿದೆ. ಅದು ನಿಧಾನಕ್ಕೆ ಹಾರುತ್ತದೆ, ಹಿಂದೆ ಎಣ್ಣೆಯ ಪಸೆಯನ್ನೂ ಬಿಡಬಹುದು. ಕ್ಲಿಯರ್ ಹೊಡೆಯುವುದಿದ್ದರೆ ಸೀಮೆಎಣ್ಣೆ ಬೇಡವೇ ಬೇಡ, ಟರ್ಪೆಂಟೈನ್ ಸಾಕು.

ದಾರಿ ಎರಡಿವೆ. ಒಂದು, ಗೆರೆಯ ಬಣ್ಣಕ್ಕೇ ಹಾರ್ಡನರ್ ಸೇರಿಸುವುದು. 10 ಮಿಲಿ ಎನಾಮೆಲ್‌ಗೆ ಹೆಚ್ಚೆಂದರೆ 1 ಮಿಲಿ, ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆದು. ಕಣ್ಣಳತೆಗೆ ಹಾಕಿದರೆ ಬಣ್ಣ ಪೆಡಸಾಗಿ ಗೆರೆಯ ತುದಿ ಮುರಿಯುತ್ತದೆ. ಬೆರೆಸಿದ ಬಣ್ಣ ಬೇಗ ದಪ್ಪವಾಗುವುದರಿಂದ ಅರ್ಧ ಗಂಟೆಗೆ ಬೇಕಾದಷ್ಟೇ ಕಲಸಿ, ಕುಂಚವನ್ನು ಆಗಲೇ ತೊಳೆಯಿರಿ. ಅಳಿಲುಕೂದಲಿನ ಕುಂಚ ಒಮ್ಮೆ ಗಟ್ಟಿಯಾದರೆ ಕಸಬರಿಕೆಗೂ ಬಾರದು. ಹೀಗೆ ಎಳೆದ ಗೆರೆ ಬೇಸಿಗೆಯಲ್ಲಿ ಒಂದು ರಾತ್ರಿಗೆ ತಯಾರು, ಮಳೆಗಾಲದಲ್ಲಿ ಎರಡು ಮೂರು ದಿನ ಕೊಡಿ. ಎರಡನೆಯ ದಾರಿ, ಹಾರ್ಡನರ್ ಇಲ್ಲದೆ ಎಳೆದು ಮೂರು ನಾಲ್ಕು ವಾರ ಕಾಯುವುದು. ಇವೆರಡರ ನಡುವೆ, ಹಾರ್ಡನರ್ ಇಲ್ಲದ ಗೆರೆಗೂ "ಮೂರು ದಿನ ಆಯ್ತಲ್ಲ, ಹೊಡೀರಿ" ಎಂಬ ಅವಸರದಲ್ಲೇ ಕೆಲಸ ಕೆಡುತ್ತದೆ.

ಅನುಮಾನ ಬಂದರೆ ಟ್ಯಾಂಕಿನ ಮೇಲೆ ಪರೀಕ್ಷೆ ಮಾಡಬೇಡಿ. ಗೆರೆ ಎಳೆಯುವ ದಿನವೇ ಅದೇ ಬಣ್ಣದ ತಗಡಿನ ತುಂಡಿನ ಮೇಲೂ ನಾಲ್ಕು ಗೆರೆ ಎಳೆದು, ಟ್ಯಾಂಕಿನ ಪಕ್ಕದಲ್ಲೇ ಒಣಗಲು ಬಿಡಿ. ಮೊದಲು ಕ್ಲಿಯರ್ ಅದಕ್ಕೆ. ಅರ್ಧ ಗಂಟೆ ಸುಮ್ಮನಿದ್ದರೆ ಟ್ಯಾಂಕಿಗೆ ಕೈ ಹಾಕಿ.

ಹೊಸದಾಗಿ ಬಣ್ಣ ಹೊಡೆಸುವವರಿಗೆ ಒಂದು ಮಾತು. ಬೇಸ್ ಬಣ್ಣದ ಮೇಲೆ ನೇರ ಗೆರೆ ಎಳೆಯುವ ಬದಲು ಮೊದಲೊಂದು ಕ್ಲಿಯರ್ ಹೊಡೆದು, ಒಣಗಿದ ಮೇಲೆ 1000 ನಂಬರಿನ ವಾಟರ್ ಪೇಪರ್‌ನಲ್ಲಿ (ನೀರು ಹಾಕಿ ಉಜ್ಜುವ ಮರಳುಕಾಗದ) ಉಜ್ಜಿ, ಆಮೇಲೆ ಗೆರೆ ಎಳೆಯಿರಿ. ಗೆರೆ ಸೊಟ್ಟಗಾದರೆ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿಬಿಡಬಹುದು, ಬಣ್ಣಕ್ಕೆ ಏನೂ ಆಗದು. ಖರ್ಚು ಜಾಸ್ತಿ, ಆದರೆ ನನ್ನ ಮಟ್ಟಿಗೆ ಕೈಗೆರೆಗೆ ಇದೊಂದೇ ಸರಿಯಾದ ಕ್ರಮ.

ಇನ್ನು ಜಿಡ್ಡು. ಕ್ಲಿಯರ್‌ನಲ್ಲಿ ಸಣ್ಣ ಸಣ್ಣ ಗುಂಡಿ ಬಿದ್ದರೆ, ಅಲ್ಲಿ ಎಣ್ಣೆಯೋ ಸಿಲಿಕೋನ್ ಪಾಲಿಶ್ಸೋ ಇತ್ತೆಂದೇ ಲೆಕ್ಕ. ನಮ್ಮ ಕಡೆ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ಕೈಯೂ ಸಾಕು. ಯಾರೂ ನೆನೆಯದ ಇನ್ನೊಂದು ಮೂಲ ಲೈನಿಂಗ್ ಕುಂಚವೇ. ಅದನ್ನು ಎಣ್ಣೆಯಲ್ಲಿ ಅದ್ದಿ ಕಾಪಾಡುವುದು ವಾಡಿಕೆ. ಸರಿಯಾಗಿ ತೊಳೆಯದಿದ್ದರೆ ಆ ಎಣ್ಣೆ ಗೆರೆಯೊಳಗೇ ಸೇರಿ, ಗುಂಡಿಗಳೂ ಗೆರೆಯ ಉದ್ದಕ್ಕೆ ಸಾಲಾಗಿ ಬೀಳುತ್ತವೆ. ಒರೆಸಲು ಬಿರುಸು ತಿನ್ನರ್ ಬೇಡ, ಗೆರೆಯೇ ಅಳಿಸಿಹೋಗುತ್ತದೆ. ಸೌಮ್ಯವಾದ ವ್ಯಾಕ್ಸ್ ರಿಮೂವರ್ ಬಟ್ಟೆಗೆ ಹಾಕಿ, ತಿಕ್ಕದೆ ಒಂದೇ ಕಡೆಗೆ ಎಳೆದು, ಒಣಬಟ್ಟೆಯಲ್ಲಿ ತಕ್ಷಣ ಒರೆಸಿ. ಟ್ಯಾಂಕಿನೊಳಗೆ ಪೆಟ್ರೋಲ್ ಇರಲೇಬಾರದು. ಮುಚ್ಚಳದಿಂದ ಬರುವ ಆವಿಯೇ ಸುತ್ತಲಿನ ಕ್ಲಿಯರ್ ಕೆಡಿಸುತ್ತದೆ, ಬೆಂಕಿಯ ಭಯ ಬೇರೆ.

ಹವೆಯನ್ನು ಅಂದಾಜಿಗೆ ಬಿಡಬೇಡಿ, ಗೋಡೆಗೊಂದು ತೇವಮಾಪಕ ತೂಗುಹಾಕಿ. ಟ್ಯಾಂಕಿನ ಲೋಹ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬಿಸಿಯಿರಬೇಕು. ಗಾಳಿ 25 ಡಿಗ್ರಿ, ತೇವ ಶೇ 85 ಇದ್ದರೆ ಇಬ್ಬನಿ ಕಟ್ಟುವುದು ಸುಮಾರು 22.3ಕ್ಕೆ. ಎಂದರೆ ಗಾಳಿಯಷ್ಟೇ ಬಿಸಿಯಿರುವ ಟ್ಯಾಂಕಿಗೂ ಕ್ಲಿಯರ್ ಹೊಡೆಯುವ ಹಾಗಿಲ್ಲ. ಆಗುಂಬೆ, ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈ ತಿಂಗಳಲ್ಲಿ ಈ ಗಡಿ ಹಗಲಲ್ಲೇ ದಾಟುತ್ತದೆ. ಚಳಿಗಾಲದಲ್ಲಿ ಮಂಜು ಕರಗುವ ತನಕ ಅದೇ ಕಥೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರ ತನಕ ಒಳ್ಳೆಯ ಹೊತ್ತು. ಒಣಗಲಿ ಎಂದು ಅಡಿಕೆ ಒಣಗಿಸುವ ಒಲೆಯ ಹತ್ತಿರ ಇಡುವವರಿದ್ದಾರೆ. ಹೊಗೆಯ ಮಸಿ ಹತ್ತುತ್ತದೆ, ಬೇಡ.

ಕಂಪ್ರೆಸರಿನ ನೀರನ್ನು ಕೆಲಸಕ್ಕೆ ಮೊದಲು ಬಿಡಿ, ಮಳೆಗಾಲದಲ್ಲಿ ಗಂಟೆಗೊಮ್ಮೆ. ಹಾರ್ಡನರ್ ನೀರಿನ ಜೊತೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಕ್ಲಿಯರ್‌ನೊಳಗೆ ಸಾಸಿವೆಗಿಂತ ಸಣ್ಣ ಗುಳ್ಳೆ ನಿಲ್ಲುತ್ತವೆ. ಅರ್ಧ ಬಳಸಿಟ್ಟ ಹಾರ್ಡನರ್ ಮಸುಕಾಗಿದ್ದರೆ ಬಿಸಾಡಿ, ಸೋಸಿ ಬಳಸುವುದಲ್ಲ.

ಅಳತೆ ಡಬ್ಬಿಯ ಮೇಲಿರುವಂತೆಯೇ. ಸಾಮಾನ್ಯವಾಗಿ ಎರಡು ಪಾಲು ಕ್ಲಿಯರ್‌ಗೆ ಒಂದು ಪಾಲು ಹಾರ್ಡನರ್, ತಿನ್ನರ್ ಶೇ 5ರಿಂದ 10. ಒಂದು ಟ್ಯಾಂಕಿಗೆ ಬೆರೆಸಿದ ಮಾಲು 200 ಮಿಲಿ ಸುಮಾರಾಗಿ ಸಾಕಾಗುತ್ತದೆ. ಸ್ಪ್ರೇ ಗನ್ನಿಗೆ 1.3 ಮಿ.ಮೀ. ನಾಜಲ್, 2 ಬಾರ್ ಒತ್ತಡ, ಒಂದು ಗೇಣಿನಷ್ಟು ದೂರ. ಮೊದಲ ಕೋಟ್ ಒದ್ದೆಯಾಗಿರಬಾರದು, ಮಂಜು ಕೂತ ಹಾಗೆ ತೆಳ್ಳಗೆ. ತಿನ್ನರ್ ಗೆರೆಯೊಳಗೆ ಇಳಿಯುವ ಮೊದಲೇ ಹಾರಲಿ ಎಂಬುದು ಇದರ ಉದ್ದೇಶ. ಹದಿನೈದು ನಿಮಿಷ ಬಿಟ್ಟು ಮಾಸ್ಕಿಂಗ್ ಟೇಪಿನ ಮೇಲೆ ಬಿದ್ದ ಕ್ಲಿಯರ್ ಮುಟ್ಟಿ ನೋಡಿ. ಅಂಟುವಂತಿದ್ದೂ ಎಳೆ ಬಾರದಿದ್ದರೆ ಎರಡನೆಯದು, ಆಮೇಲೆ ಮೂರನೆಯದು ತುಂಬಿ ಹೊಡೆಯಬಹುದು. ಉಗುರಿಗೆ ಗೆರೆಯ ಅಂಚು ಇನ್ನೂ ತಾಗಿದರೆ ಅದೇ ದಿನ ನಾಲ್ಕನೆಯ ಕೋಟ್ ಏರಿಸಬೇಡಿ, ಸೋರುತ್ತದೆ. ಎರಡು ದಿನ ಬಿಟ್ಟು 1000ದಲ್ಲಿ ಮಟ್ಟ ಮಾಡಿ ಮತ್ತೊಂದು ಸುತ್ತು ಹೊಡೆಯಿರಿ. ಉಜ್ಜುವಾಗ ನೀರಿನಲ್ಲಿ ಗೆರೆಯ ಬಣ್ಣ ಕಂಡರೆ ಕ್ಲಿಯರ್ ತೂತಾಗಿದೆ, ಅಲ್ಲಿಗೇ ನಿಲ್ಲಿಸಿ.

ಬಂಗಾರಬಣ್ಣದ ಪುಡಿ ಕಲಸಿದ ಗೆರೆಗೆ ಮೊದಲ ಎರಡು ಕೋಟ್ ತೆಳ್ಳಗೇ ಇರಲಿ, ಇಲ್ಲದಿದ್ದರೆ ಪುಡಿ ಕ್ಲಿಯರ್ ಜೊತೆ ಹರಿದು ಅಂಚು ಮಸಕಾಗುತ್ತದೆ. ಅದು ಹಿತ್ತಾಳೆಯ ಪುಡಿಯಾದರೆ ಕ್ಲಿಯರ್ ಇಲ್ಲದೆ ನಮ್ಮ ತೇವಕ್ಕೆ ಕಪ್ಪಾಗದೆ ಇರದು.

ಪೆಟ್ರೋಲ್ ತುಳುಕುವ ಟ್ಯಾಂಕಿಗೆ ಸ್ಪ್ರೇ ಡಬ್ಬಿಯ ಸಾಮಾನ್ಯ ಲ್ಯಾಕರ್ ನಿಲ್ಲುವುದಿಲ್ಲ, 2ಕೆ ಕ್ಲಿಯರೇ ಆಗಬೇಕು. ಆದರೆ ಅದರ ಹಾರ್ಡನರಿನಲ್ಲಿ ಐಸೊಸೈನೇಟ್ ಇದೆ. ಉಸಿರಾಟಕ್ಕೆ ಹೋದರೆ ವಾಪಸಾಗದ ಆಸ್ತಮಾ ತರಬಲ್ಲದು. ಮೂಗಿಗೆ ಕಟ್ಟಿದ ಟವೆಲು ಅದನ್ನು ತಡೆಯುವುದಿಲ್ಲ. ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಉತ್ತಮ. ಅದಿಲ್ಲದಿದ್ದರೆ ಸಾವಯವ ಆವಿಯನ್ನೂ ಸ್ಪ್ರೇಯ ಸಣ್ಣ ಹನಿಗಳನ್ನೂ ತಡೆಯುವ ಕಾರ್ಟ್ರಿಜ್ ಮಾಸ್ಕ್, ಮುಖಕ್ಕೆ ಬಿಗಿಯಾಗಿ, ಗಡ್ಡ ಬೋಳಿಸಿ. ಗನ್ ಕೆಳಗಿಟ್ಟ ಮೇಲೂ ಹೊಗೆ ಹೋಗುವ ತನಕ ತೆಗೆಯಬೇಡಿ.