ಡಿಎನ್‌ಎ ಯಾರದ್ದು ಅಂತ ಹೇಳುತ್ತದೆ, ಏನಾಯಿತು ಅಂತಲ್ಲ

ಪೇಪರಿನಲ್ಲಿ ಅತ್ಯಾಚಾರದ್ದೋ ಕೊಲೆಯದ್ದೋ ದೊಡ್ಡ ಸುದ್ದಿ ಬಂತು ಅಂದರೆ, ಬಾಗಲಕೋಟೆ ಕೋರ್ಟಿನ ಆವರಣದಲ್ಲಿ ಈ ಮಾತು ನನ್ನ ಕಿವಿಗೆ ಬಿದ್ದೇ ಬೀಳುತ್ತದೆ. "ವಕೀಲ್ರ, ದೇಶದಾಗಿನ ಎಲ್ಲಾರ ಡಿಎನ್‌ಎ ತಗೊಂಡು ಕಂಪ್ಯೂಟರಿಗೆ ಹಾಕಿಬಿಟ್ರ ಮುಗೀತಲ್ರಿ. ತಪ್ಪು ಮಾಡದಾಂವಗ ಏನ್ ಅಂಜಿಕಿ?" ಹೀಗೆ ಕೇಳುವವರು ಮಗಳನ್ನು ಕಾಲೇಜಿಗೆ ಕಳಿಸಿ ಸಂಜೆ ಬಸ್ಸಿನ ದಾರಿ ಕಾಯುವ ಅಪ್ಪಂದಿರು. ಅವರ ಸಂಕಟ ಗೊತ್ತಾಗುತ್ತದೆ. ಆದರೂ ಈ ಮಾತಿಗೆ ನಾನು ಹೂಂ ಅನ್ನುವುದಿಲ್ಲ.

ಕಾರಣ ಎಷ್ಟು ಸಲ ಹೇಳಿದರೂ ತಲೆಗೆ ಇಳಿಯುತ್ತಿಲ್ಲ, ಇನ್ನೊಮ್ಮೆ ಹೇಳುತ್ತೇನೆ. ಡಿಎನ್‌ಎ ವರದಿ ಹೇಳುವುದು ಈ ಕಲೆ, ಈ ಬೆವರು, ಈ ಕೂದಲು ಇಂಥವನದ್ದಕ್ಕೆ ಹೊಂದುತ್ತದೆ ಅಂತ, ಅಷ್ಟೇ. ಅದು ಅಲ್ಲಿಗೆ ಯಾವಾಗ ಬಂತು, ಹೇಗೆ ಬಂತು, ಅವನೇ ಬಂದು ಬಿಟ್ಟು ಹೋದನೋ ಬೇರೆಯವರ ಕೈಗೆ ಅಂಟಿಕೊಂಡು ಬಂತೋ, ಇದು ಯಾವುದೂ ಆ ಕಾಗದದಲ್ಲಿ ಇರುವುದಿಲ್ಲ.

2012ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಕೊಲೆಯಾಯಿತು. ಸತ್ತವನ ಉಗುರಿನ ಕೆಳಗೆ ಸಿಕ್ಕ ಡಿಎನ್‌ಎ, ಮನೆಮಠ ಇಲ್ಲದ ಒಬ್ಬ ಮನುಷ್ಯನದ್ದಕ್ಕೆ ಹೊಂದಿತು. ಹಳೆಯ ಕೇಸುಗಳಿಂದ ಅವನ ವಿವರ ಡೇಟಾಬೇಸ್‌ನಲ್ಲಿ ಮೊದಲೇ ಇತ್ತು. ಅವನನ್ನು ಹಿಡಿದು ತಿಂಗಳುಗಟ್ಟಲೆ ಜೈಲಿನಲ್ಲಿಟ್ಟರು. ಆಮೇಲೆ ನೋಡಿದರೆ ಕೊಲೆಯಾದ ಹೊತ್ತಿಗೆ ಅವನು ವಿಪರೀತ ಕುಡಿದು ಆಸ್ಪತ್ರೆಯಲ್ಲಿ ಮಲಗಿದ್ದ. ಅವನನ್ನು ಉಪಚರಿಸಿದ ಆಂಬುಲೆನ್ಸ್ ಸಿಬ್ಬಂದಿಯೇ ಕೆಲವು ಗಂಟೆಯ ನಂತರ ಕೊಲೆಯಾದವನ ಮನೆಗೂ ಹೋಗಿದ್ದರು. ಡಿಎನ್‌ಎ ಹೋದದ್ದು ಅವರ ಮೂಲಕವೇ ಅಂತ ಪ್ರಾಸಿಕ್ಯೂಷನ್ನೇ ಒಪ್ಪಿಕೊಂಡಿತು.

ಲ್ಯಾಬಿನವರು ತಪ್ಪು ಮಾಡಿರಲಿಲ್ಲ. ವರದಿಯೂ ಸುಳ್ಳಲ್ಲ. ಅವನನ್ನು ಉಳಿಸಿದ್ದು ಆಸ್ಪತ್ರೆಯ ದಾಖಲೆ. ಅವತ್ತು ಅವನು ಎಲ್ಲೋ ಫುಟ್‌ಪಾತಿನ ಮೇಲೆ ಒಬ್ಬನೇ ಮಲಗಿದ್ದರೆ ಗತಿ ಏನು?

ಇದನ್ನು ನಮ್ಮೂರಿಗೆ ತಂದು ನೋಡಿ. ಕಟಿಂಗ್ ಅಂಗಡಿಯಲ್ಲಿ ನಿಮ್ಮ ಮುಖ ಒರೆಸಿದ ಟವೆಲ್ಲಿನಿಂದ ಇನ್ನೊಬ್ಬರ ಮುಖ ಒರೆಸುತ್ತಾರೆ. ಹುಬ್ಬಳ್ಳಿ ಬಸ್ಸಿನಲ್ಲಿ ನೀವು ಹಿಡಿದ ಕಂಬಿಯನ್ನೇ ಸಂಜೆತನಕ ನೂರಾರು ಜನ ಹಿಡಿಯುತ್ತಾರೆ. ಇಂಥಲ್ಲಿ ಪ್ರತಿ ಸಲವೂ ಡಿಎನ್‌ಎ ದಾಟುತ್ತದೆ ಅಂತಲ್ಲ. ಆದರೆ ಒಮ್ಮೆ ದಾಟಿ ಅದು ತಪ್ಪು ಜಾಗದಲ್ಲಿ ಸಿಕ್ಕಿತು ಅಂದರೆ, ಎಲ್ಲರ ಡಿಎನ್‌ಎ ಇರುವ ಡೇಟಾಬೇಸ್ ಮೊದಲು ತೋರಿಸುವುದು ನಿಮ್ಮ ಹೆಸರನ್ನೇ. ನೀವು ಅಲ್ಲಿರಲಿಲ್ಲ ಅಂತ ತೋರಿಸುವ ಭಾರ, ಕಾನೂನಿನಲ್ಲಿ ಏನೇ ಬರೆದಿರಲಿ, ನಿಮ್ಮ ಹೆಗಲಿಗೇ ಬರುತ್ತದೆ. ಮೂರು ತಿಂಗಳ ಹಿಂದಿನ ಒಂದು ರಾತ್ರಿ ಎಲ್ಲಿದ್ದಿರಿ ಅಂದರೆ ಯಾರನ್ನು ಸಾಕ್ಷಿ ಕರೆಯುತ್ತೀರಿ? ಹೆಂಡತಿಯನ್ನು. ಆಕೆಯ ಮಾತನ್ನು ಎಷ್ಟು ನಂಬುತ್ತಾರೆ ಅಂತ ದಿನಾ ನೋಡುತ್ತೇನೆ.

ಇನ್ನೊಂದು ವಿಷಯ. ನಾನು ನೋಡುವ ಅತ್ಯಾಚಾರ, ಕೊಲೆಯಂಥ ಕೇಸುಗಳಲ್ಲಿ ಆರೋಪಿ ಬಹಳ ಸಲ ಗುರುತಿನವನೇ ಆಗಿರುತ್ತಾನೆ. ಹೆಸರು ಎಫ್‌ಐಆರ್‌ನಲ್ಲೇ ಇರುತ್ತದೆ, ಹುಡುಕಲು ಡೇಟಾಬೇಸ್ ಬೇಕಿಲ್ಲ. ಕೇಸು ಬಿದ್ದುಹೋಗುವುದು ಮುದ್ದೆಮಾಲಿನ, ಅಂದರೆ ಪೊಲೀಸರು ಜಪ್ತಿ ಮಾಡಿದ ಸಾಕ್ಷ್ಯದ ವಸ್ತುಗಳ, ದೆಸೆಯಿಂದ. ಹಸಿ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಕವರಿನಲ್ಲಿ ಹಾಕಬೇಕು. ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಅರಗಿನ ಮುದ್ರೆ ಒತ್ತಿದರೆ ಒಳಗೆ ಬೆವೆತು ಬೂಸು ಬರುತ್ತದೆ. ಕೋರ್ಟಿನಲ್ಲಿ ಅಂಥ ಪೊಟ್ಟಣ ಬಿಚ್ಚಿದಾಗ ಮುಗ್ಗಲು ವಾಸನೆಗೆ, ಜಪ್ತಿಗೆ ಸಾಕ್ಷಿಯಾಗಿದ್ದ ಪಂಚರು ಮುಖ ತಿರುಗಿಸುವುದನ್ನು ಕಂಡಿದ್ದೇನೆ. ನೊಂದ ಹೆಣ್ಣುಮಗಳು ಅಲ್ಲೇ ಕೂತಿದ್ದಳು. ಅದರಲ್ಲಿ ಇನ್ನೇನು ಡಿಎನ್‌ಎ ಉಳಿದಿರುತ್ತದೆ? 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಒಂದು ಕೇಸಿನಲ್ಲಿ ಮರಣದಂಡನೆಯಾಗಿದ್ದವನನ್ನು ಬಿಡುಗಡೆ ಮಾಡಿತು. ಆಗಲೇ ಮಾದರಿ ತೆಗೆದ 48 ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ರಿಜಿಸ್ಟರ್ ಇಡಬೇಕು ಅಂತ ಇಡೀ ದೇಶಕ್ಕೆ ಹೇಳಿತು. ದುಡ್ಡು ಹಾಕುವುದಿದ್ದರೆ ಮೊದಲು ಇದಕ್ಕೆ ಹಾಕಲಿ.

ಡಿಎನ್‌ಎ ನಿಮ್ಮೊಬ್ಬರದ್ದೂ ಅಲ್ಲ, ಅದು ಮನೆತನದ್ದು. ಆಲಮಟ್ಟಿ ಹಿನ್ನೀರಿಗೆ ಹೊಲ ಹೋದ ಮನೆಯ ಹಿರಿಮಗ ಒಬ್ಬ ಬಂದಿದ್ದ. ಮುಳುಗಡೆ ಪರಿಹಾರದ ದುಡ್ಡಿನ ಪಾಲಿನ ಜಗಳ. ತಮ್ಮ ನಮ್ಮಪ್ಪನಿಗೆ ಹುಟ್ಟಿದವನಲ್ಲ, ಡಿಎನ್‌ಎ ಮಾಡಿಸಿ ಅಂತ ಹಟ. ಅವರ ತಾಯಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು, ಮಗ ಏನು ಕೇಳಲು ಬಂದಿದ್ದಾನೆ ಅಂತ ಅವರಿಗೆ ಗೊತ್ತಿರಲಿಲ್ಲ. ಮದುವೆಯಲ್ಲಿ ಹುಟ್ಟಿದ ಮಗು ಆ ಗಂಡನದ್ದೇ ಅಂತ ಕಾನೂನು ಒಪ್ಪುತ್ತದೆ. ಗಂಡ ಹೆಂಡತಿ ಕೂಡುವ ಅವಕಾಶವೇ ಇರಲಿಲ್ಲ ಅಂತ ತೋರಿಸಿದರೆ ಮಾತ್ರ ಬೇರೆ ಮಾತು. ಇದು ಮೊದಲು ಹಳೆಯ ಸಾಕ್ಷ್ಯ ಕಾಯ್ದೆಯ 112ನೇ ಕಲಮಿನಲ್ಲಿತ್ತು, ಹೊಸ ಸಾಕ್ಷ್ಯ ಕಾಯ್ದೆಯಲ್ಲಿ 116. ಅವನಿಗೆ ಇದನ್ನು ಹೇಳಿ ಕಳಿಸಿದೆ. ಎಲ್ಲರ ಡಿಎನ್‌ಎ ಒಂದೇ ಕಡೆ ಇಟ್ಟರೆ ಇಂಥ ಪ್ರಶ್ನೆಗಳಿಗೆಲ್ಲ ಉತ್ತರ ಯಾರೂ ಕೇಳದೆಯೇ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಅದು ಯಾರ ಕೈಗೆ ಸಿಗುತ್ತದೆ ಅಂತ ಯೋಚಿಸಿ.

ಕುವೈತ್ 2015ರಲ್ಲಿ ಎಲ್ಲರ ಡಿಎನ್‌ಎ ಕಡ್ಡಾಯ ಅಂತ ಕಾನೂನು ಮಾಡಿತು. 2017ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವೇ ಅದನ್ನು ರದ್ದು ಮಾಡಿತು. ನಮ್ಮಲ್ಲಿ 2019ರ ಡಿಎನ್‌ಎ ಮಸೂದೆಯನ್ನು ಸರ್ಕಾರ 2023ರಲ್ಲಿ ವಾಪಸ್ ಪಡೆಯಿತು. ಅದರಲ್ಲೂ ಎಲ್ಲ ನಾಗರಿಕರ ಡಿಎನ್‌ಎ ತೆಗೆಯುವ ಮಾತು ಇರಲಿಲ್ಲ.

ಈಗ ಇರುವುದು 2022ರ ಕ್ರಿಮಿನಲ್ ಪ್ರೊಸೀಜರ್ ಗುರುತಿಸುವಿಕೆ ಕಾಯ್ದೆ. ಬಂಧಿತರ ಬೆರಳಚ್ಚು, ಕಣ್ಣಿನ ಸ್ಕ್ಯಾನ್, ಜೈವಿಕ ಮಾದರಿ ತೆಗೆದು 75 ವರ್ಷ ಇಡಬಹುದು. ಮಹಿಳೆ ಅಥವಾ ಮಕ್ಕಳ ಮೇಲಿನ ಅಪರಾಧ ಅಲ್ಲದಿದ್ದರೆ, ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧವೂ ಅಲ್ಲದಿದ್ದರೆ, ಬಂಧಿತನು ಜೈವಿಕ ಮಾದರಿ ಕೊಡಲು ಒಲ್ಲೆ ಅನ್ನಬಹುದು. ಹಿಂದೆ ಶಿಕ್ಷೆ ಆಗಿರದವನು ಖುಲಾಸೆಯಾಗಿ ಮೇಲ್ಮನವಿಗಳೆಲ್ಲ ಮುಗಿದರೆ, ಕೋರ್ಟು ಬೇರೆ ಆದೇಶ ಮಾಡದಿದ್ದರೆ, ದಾಖಲೆ ನಾಶ ಮಾಡಬೇಕು. ಬಿಡುಗಡೆಯಾದ ದಿನ ಕಕ್ಷಿದಾರರು ಪೇಡೆ ಹಂಚಿ ಊರಿಗೆ ಹೋಗಿಬಿಡುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ. ಪ್ರತಿ ಕೇಸಿನ ಹಣೆಬರಹ ಬೇರೆ, ಅದಕ್ಕೆ ನಿಮ್ಮ ವಕೀಲರನ್ನೇ ಕೇಳಿ. ಖುಲಾಸೆ ಆದೇಶದ ನಕಲು ತೆಗೆಸಿ, ದಾಖಲೆ ನಾಶ ಮಾಡಿ ಅಂತ ಅರ್ಜಿ ಕೊಡಿ, ಸ್ವೀಕೃತಿ ಬರೆಸಿಕೊಳ್ಳಿ.