ಕಾಸರಗೋಡಿನ ಸೆಕೆಯಲ್ಲಿ ಓವರ್‌ಕ್ಲಾಕ್ ಮಾಡಬೇಕಾ?

ಹತ್ತು ಹನ್ನೆರಡು ವರ್ಷ ಹಳೆಯ ಕಂಪ್ಯೂಟರುಗಳು ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಕಡೆ ಇನ್ನೂ ಬೇಕಾದಷ್ಟು ಇವೆ. ಯಕ್ಷಗಾನದ ವಿಡಿಯೋ ಎಡಿಟ್ ಮಾಡುವವರು, ಮದುವೆ ಕಾಗದ ಡಿಸೈನ್ ಮಾಡುವವರು, ಪ್ರಶ್ನೆಪತ್ರಿಕೆ ಟೈಪ್ ಮಾಡುವ ಕನ್ನಡ ಶಾಲೆಯ ಮಾಷ್ಟ್ರುಗಳು, ಎಲ್ಲರೂ ಅದರಲ್ಲೇ ಕೆಲಸ ತೆಗೆಯುತ್ತಾರೆ. ಅದು ನಿಧಾನ ಆಯಿತು ಅಂದ ಕೂಡಲೇ ಒಬ್ಬರು ಹೇಳುತ್ತಾರೆ, ಓವರ್‌ಕ್ಲಾಕ್ ಮಾಡಿ, ಅಂದರೆ ಪ್ರೊಸೆಸರ್ ಚಿಪ್ಪನ್ನು ಕಂಪೆನಿ ನಿಗದಿ ಮಾಡಿದ್ದಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸಿ, ಖರ್ಚಿಲ್ಲ. ಇನ್ನೊಬ್ಬರು ಹೇಳುತ್ತಾರೆ, ಮಂಗಳೂರಿಗೆ ಹೋಗಿ ಹೊಸದು ತನ್ನಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸೆಕೆಯಲ್ಲಿ ಓವರ್‌ಕ್ಲಾಕ್ ಪುಕ್ಕಟೆ ಅಲ್ಲ.

ಯಾಕೆ ಅಂತ ನೋಡೋಣ. 2011ರಲ್ಲಿ ಬಂದ ಇಂಟೆಲ್ ಕೋರ್ ಐ5 2500ಕೆ ಪ್ರೊಸೆಸರನ್ನೇ ತೆಗೆದುಕೊಳ್ಳಿ. ಚಿಪ್ಪಿಗೆ ತಾಳ ಹಾಕುವ ಮೂಲ ಗಡಿಯಾರ 100 ಮೆಗಾಹರ್ಟ್ಸ್ (ಸೆಕೆಂಡಿಗೆ 10 ಕೋಟಿ ಮಿಡಿತ), ಅದನ್ನು 33ರಿಂದ ಗುಣಿಸಿದರೆ 3.3 ಗಿಗಾಹರ್ಟ್ಸ್. ಆ 33ನ್ನು (ಇದಕ್ಕೆ ಗುಣಕ ಅನ್ನುತ್ತಾರೆ) 42 ಮಾಡಿದರೆ 4.2. ಲೆಕ್ಕದಲ್ಲಿ 27 ಶೇಕಡಾ ವೇಗ ಜಾಸ್ತಿ. ಆದರೆ ವೇಗ ಏರಿದಂತೆ ಚಿಪ್ಪಿನ ಒಳಗಿನ ಪ್ರತಿ ಟ್ರಾನ್ಸಿಸ್ಟರ್ (ಅತಿ ಚಿಕ್ಕ ಸ್ವಿಚ್ಚು) ತನ್ನ ಕೆಲಸವನ್ನು ಇನ್ನೂ ಕಡಿಮೆ ಸಮಯದಲ್ಲಿ ಮುಗಿಸಬೇಕು, ಅದಕ್ಕೆ ವೋಲ್ಟೇಜ್ ಏರಿಸಬೇಕಾಗುತ್ತದೆ, ತೊಂದರೆ ಶುರುವಾಗುವುದು ಅಲ್ಲೇ. ಚಿಪ್ ನುಂಗುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ಮಾತ್ರ ವರ್ಗದ ಲೆಕ್ಕದಲ್ಲಿ (ಎರಡು ಪಟ್ಟಾದರೆ ನಾಲ್ಕು ಪಟ್ಟು) ಏರುತ್ತದೆ. ವೋಲ್ಟೇಜ್ 1.2ರಿಂದ 1.35ಕ್ಕೆ ಹೋಯಿತು ಅಂತ ಇಟ್ಟುಕೊಳ್ಳಿ. ಎರಡೂ ಸೇರಿದರೆ ಸುಮಾರು 61 ಶೇಕಡಾ ಜಾಸ್ತಿ ವಿದ್ಯುತ್ತು. ಅದೆಲ್ಲ ಬಿಸಿಯಾಗಿಯೇ ಹೊರಗೆ ಬರಬೇಕು.

ಇನ್ನು ನಮ್ಮ ಊರಿನ ವಿಷಯ. ಫ್ಯಾನ್ ಇರುವ ಕೂಲರ್ ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಏಪ್ರಿಲ್ ಮಧ್ಯಾಹ್ನ ಕೋಣೆ 34 ಡಿಗ್ರಿ ಇದೆ, ಪೂರ್ತಿ ಕೆಲಸ ಮಾಡುವಾಗ ಚಿಪ್ 70ಕ್ಕೆ ಏರುತ್ತದೆ ಅಂತಿಟ್ಟುಕೊಂಡರೆ ಏರಿಕೆ 36 ಡಿಗ್ರಿ. ವಿದ್ಯುತ್ತು 61 ಶೇಕಡಾ ಜಾಸ್ತಿಯಾದರೆ, ಅದೇ ಕೂಲರಿನಲ್ಲಿ, ಆ 36 ಹೆಚ್ಚುಕಡಿಮೆ 58 ಆಗುತ್ತದೆ. ಅಂದರೆ 92 ಡಿಗ್ರಿ! 20 ಡಿಗ್ರಿಯ ಕೋಣೆಯಲ್ಲಿ ಕೂತು ಇದನ್ನು ಹೇಳಿಕೊಡುವ ವಿಡಿಯೋ ಮಾಡುವವರಿಗೆ ಇದೇ ಸೆಟ್ಟಿಂಗ್‌ನಲ್ಲಿ 78 ಬರುತ್ತದೆ, ಅವರು ಆರಾಮವಾಗಿ ತೋರಿಸುತ್ತಾರೆ. ನೂರರ ಹತ್ತಿರ ಹೋದಾಗ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಆಗ ಏರಿಸಿದ್ದು ಎಲ್ಲಿಗೆ ಬಂತು?

ಬಿಸಿಯ ಈ ಗೋಡೆಗೆ ಇಂಟೆಲ್ ಕೂಡ ಡಿಕ್ಕಿ ಹೊಡೆದಿದೆ. 2004ರಲ್ಲಿ ಪೆಂಟಿಯಂ 4 ಪ್ರೊಸೆಸರ್ 3.8 ಗಿಗಾಹರ್ಟ್ಸ್ ಮುಟ್ಟಿತು, 4 ಗಿಗಾಹರ್ಟ್ಸಿನ ಯೋಜನೆಯನ್ನು ಅದೇ ವರ್ಷ ಕೈಬಿಟ್ಟರು. ಟ್ರಾನ್ಸಿಸ್ಟರ್ ಚಿಕ್ಕದಾದರೆ ವೋಲ್ಟೇಜೂ ಇಳಿಯುತ್ತದೆ, ಹಾಗಾಗಿ ಬಿಸಿ ಏರುವುದಿಲ್ಲ ಎಂದು 1974ರಲ್ಲಿ ಐಬಿಎಂ ಕಂಪೆನಿಯ ಎಂಜಿನಿಯರ್ ರಾಬರ್ಟ್ ಡೆನಾರ್ಡ್ ಮತ್ತು ಅವರ ಜೊತೆಗಾರರು ತೋರಿಸಿದ್ದರು. 2005ರ ಹೊತ್ತಿಗೆ ಆ ಅನುಕೂಲ ಮುಗಿಯಿತು, ಯಾಕೆಂದರೆ ಅಷ್ಟು ಚಿಕ್ಕ ಟ್ರಾನ್ಸಿಸ್ಟರುಗಳಲ್ಲಿ ಆಫ್ ಇದ್ದಾಗಲೂ ಕರೆಂಟ್ ಸೋರುತ್ತದೆ, ವೋಲ್ಟೇಜ್ ಇನ್ನು ಇಳಿಸಲು ಆಗುವುದಿಲ್ಲ. ಅಲ್ಲಿಂದ ಮುಂದೆ ಚಿಪ್ಪುಗಳು ಸುಧಾರಿಸಿದ್ದು ಬೇರೆ ದಾರಿಯಲ್ಲಿ. ಒಂದೇ ಮಿಡಿತದಲ್ಲಿ ಜಾಸ್ತಿ ಕೆಲಸ, ಜಾಸ್ತಿ ಕೋರುಗಳು (ಒಂದೇ ಚಿಪ್ಪಿನೊಳಗೆ ಬೇರೆ ಬೇರೆಯಾಗಿ ಲೆಕ್ಕ ಮಾಡುವ ಘಟಕಗಳು), ಕೆಲವು ಕೆಲಸಕ್ಕೆ ಅಂತಲೇ ಪ್ರತ್ಯೇಕ ಸರ್ಕ್ಯೂಟುಗಳು.

ಈ ಕೊನೆಯದು ತುಂಬಾ ಮುಖ್ಯ. ಯಕ್ಷಗಾನ ಆಟದ ವಿಡಿಯೋವನ್ನು ಈಗ ಫೋನಿನಲ್ಲಿ ಹಿಡಿಯುತ್ತಾರೆ, ಎಷ್ಟೋ ಫೋನುಗಳು ಅದನ್ನು ಚಿಕ್ಕದಾಗಿ ಕುಗ್ಗಿಸಿಡುವ ಎಚ್‌ಇವಿಸಿ ರೂಪದಲ್ಲಿ ಉಳಿಸುತ್ತವೆ. ಅದನ್ನು ಬಿಡಿಸುವ ಸರ್ಕ್ಯೂಟು 2011ರ, ಅಂದರೆ ಇಂಟೆಲಿನ 2ನೇ ತಲೆಮಾರಿನ, ಚಿಪ್ಪಿನಲ್ಲಿ ಇಲ್ಲವೇ ಇಲ್ಲ. ಇಂಟೆಲ್‌ನಲ್ಲಿ ಅದು ಸರಿಯಾಗಿ ಬಂದದ್ದು 2015ರ 6ನೇ ತಲೆಮಾರಿನಿಂದ. ಹಳೆ ಚಿಪ್ ಪ್ರತಿ ಫ್ರೇಮನ್ನೂ ಸಾಮಾನ್ಯ ಲೆಕ್ಕದಿಂದಲೇ ಬಿಡಿಸುತ್ತಾ ತಡವರಿಸುತ್ತದೆ. ಗಿಗಾಹರ್ಟ್ಸ್ ಎಷ್ಟೇ ಏರಿಸಿದರೂ ಇಲ್ಲದ ಸರ್ಕ್ಯೂಟು ಹುಟ್ಟುವುದಿಲ್ಲ ಅಲ್ವಾ?

ಅದಕ್ಕೂ ಮೊದಲು, ತಪ್ಪು ಪ್ರೊಸೆಸರಿನದ್ದೇನಾ ಅಂತ ನೋಡಿ. ಕಂಪ್ಯೂಟರ್ ತಡವರಿಸುವಾಗ ವಿಂಡೋಸಿನ ಟಾಸ್ಕ್ ಮ್ಯಾನೇಜರ್ (ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಕಿಟಕಿ) ತೆರೆಯಿರಿ. ಸಿಪಿಯು (ಅಂದರೆ ಪ್ರೊಸೆಸರ್) 20 ಶೇಕಡಾ, ಡಿಸ್ಕ್ 100 ಶೇಕಡಾ ಇದ್ದರೆ ಓವರ್‌ಕ್ಲಾಕ್ ಸುಮ್ನೆ ದಂಡ. ಹಾರ್ಡ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗಿದರೂ ಬೇಕಾದ ಜಾಗ ಹುಡುಕಲು ಸುಮಾರು 10 ಮಿಲಿಸೆಕೆಂಡ್ ಬೇಕು, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಅದರ ನೂರರಲ್ಲೊಂದು ಭಾಗ ಸಾಕು. ಟೈಪಿಂಗ್ ಮಾಡುವ ಮಾಷ್ಟ್ರಿಗೆ ಒಂದು ಎಸ್‌ಎಸ್‌ಡಿ, 8 ಜಿಬಿ ರ್‍ಯಾಮ್ ಹಾಕಿಕೊಟ್ಟರೆ ಯಂತ್ರವೇ ಬದಲಾದ ಹಾಗೆ ಅನ್ನಿಸುತ್ತದೆ. ಮತ್ತೆ ಧೂಳು. ಮುರಕಲ್ಲಿನ ಕೆಂಪು ಧೂಳು ಕೂಲರಿನ ರೆಕ್ಕೆಗಳ ನಡುವೆ ಕೂತರೆ ಗಾಳಿ ಆಡುವುದಿಲ್ಲ. ಅದನ್ನು ತೆಗೆದು, ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚಿ ಈಗ ಒಣಗಿದ ಥರ್ಮಲ್ ಪೇಸ್ಟ್ ಬದಲಾಯಿಸಿದರೆ ಬಿಸಿಯಿಂದಾಗಿ ಕಳೆದುಕೊಂಡ ವೇಗ ಹೆಚ್ಚು ಖರ್ಚಿಲ್ಲದೆ ವಾಪಸ್ ಬರುತ್ತದೆ.

ಇಷ್ಟಾದ ಮೇಲೂ ಓವರ್‌ಕ್ಲಾಕ್ ಮಾಡಲೇಬೇಕು ಅನ್ನುವವರಿಗೆ ಒಂದು ಮಾತು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಇರಬೇಕು, ಮದರ್‌ಬೋರ್ಡೂ ಒಪ್ಪಬೇಕು. 2500ಕೆ ಕಾಲದ ಎಚ್61 ಎಂಬ ಬೋರ್ಡಿನಲ್ಲಿ ಗುಣಕ ಏರಿಸಲು ಬಿಡುವುದಿಲ್ಲ. ವೋಲ್ಟೇಜ್ ಮುಟ್ಟದೆ ಎಷ್ಟು ಏರುತ್ತದೋ ಅಷ್ಟೇ ಏರಿಸಿ. ಪರೀಕ್ಷೆಯನ್ನು ಡಿಸೆಂಬರ್ ರಾತ್ರಿ ಅಲ್ಲ, ಏಪ್ರಿಲ್ ಮಧ್ಯಾಹ್ನ ಗಂಟೆಗಟ್ಟಲೆ ಮಾಡಿ. ದಡಕ್ಕನೆ ನಿಂತುಹೋದರೆ ಗೊತ್ತಾಗುತ್ತದೆ, ಆದರೆ ಲೆಕ್ಕ ಸದ್ದಿಲ್ಲದೆ ತಪ್ಪಿ ಫೈಲ್ ಕೆಟ್ಟರೆ ಗೊತ್ತೇ ಆಗುವುದಿಲ್ಲ. ರಾತ್ರಿಯಿಡೀ ನಡೆದ ಆಟವನ್ನು ಮತ್ತೊಮ್ಮೆ ರೆಕಾರ್ಡ್ ಮಾಡಲಾಗದು, ಮೂಲ ಪ್ರತಿ ಬೇರೆ ಕಡೆ ಇರಲಿ.

ಅಪ್‌ಗ್ರೇಡ್ ಅಂದರೂ ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ನೋಡಿಯೇ ಹೆಜ್ಜೆ ಇಡಬೇಕು. 2017ರ, ಎಎಂಡಿ ಕಂಪೆನಿಯ ಎಎಂ4 ಸಾಕೆಟ್ಟಿನ ಬೋರ್ಡ್ ಇದ್ದವರು ಅದೃಷ್ಟವಂತರು. ಎಷ್ಟೋ ಬೋರ್ಡುಗಳು ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿದರೆ ರೈಜೆನ್ 5000 ಸರಣಿಯ ಚಿಪ್ಪನ್ನೂ ತೆಗೆದುಕೊಳ್ಳುತ್ತವೆ, ಹಳೆ ರ್‍ಯಾಮೇ ಸಾಕು. 2500ಕೆ ಕೂರುವ ಇಂಟೆಲ್ 1155 ಸಾಕೆಟ್‌ನವರಿಗೆ ದಾರಿ 2012ರ 3ನೇ ತಲೆಮಾರಿಗೇ ಮುಗಿದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಇಂಟೆಲ್‌ನಲ್ಲಿ ಹೆಚ್ಚಾಗಿ 8ನೇ ತಲೆಮಾರಿನಿಂದ ಮೇಲಿನದ್ದನ್ನೇ ಕೇಳುತ್ತದೆ. ಅಂಥ ಯಂತ್ರಕ್ಕೆ ಲಿನಕ್ಸ್ ಹಾಕಿ ಟೈಪಿಂಗಿಗೆ ಇಟ್ಟುಕೊಳ್ಳಬಹುದು. ಎಡಿಟಿಂಗಿಗಾದರೆ ಆ ಬೋರ್ಡಿನ ಮೇಲೆ ಇನ್ನು ದುಡ್ಡು ಹಾಕಬೇಡಿ, 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಒಂದು ಸೆಕೆಂಡ್ ಹ್ಯಾಂಡ್ ಯಂತ್ರವನ್ನಾದರೂ ಹುಡುಕಿ.