“ಅಮ್ಮಾ, ನೀವೂ ಸ್ವಲ್ಪ ಬಾಯಿ ತೆಗೀರಿ”

ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರಿಗೆ ಬರವಿಲ್ಲ. ಊರಲ್ಲೇ ಡೆಂಟಲ್ ಕಾಲೇಜುಗಳಿವೆ. ಜಗಳೂರು, ಹರಪನಹಳ್ಳಿ ಕಡೆಯವರೂ ಇಲ್ಲಿಗೇ ಬರುತ್ತಾರೆ. ಹಾಗೆ ಬಂದಿದ್ದ ತಾಯಿ–ಮಗ ಒಮ್ಮೆ ನನ್ನ ಪಕ್ಕದ ಬೆಂಚಿನಲ್ಲಿದ್ದರು. ಹುಡುಗನಿಗೆ ನಾಲ್ಕು ವರ್ಷ. ಮೇಲೆ ಎರಡೇ ಹಲ್ಲು, ಅವೂ ಮೊಳೆಯಂತೆ ಚೂಪು. ತಲೆಗೂದಲು ತೆಳ್ಳಗೆ. ಏಪ್ರಿಲ್ ಬಿಸಿಲಿಗೆ ನಾವೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರೆ ಅವನ ಹಣೆ ಒಣಗಿತ್ತು. ತಾಯಿ ಅವನಿಗೆ ಒದ್ದೆ ಟವೆಲ್ ಹೊದಿಸಿದ್ದಳು.

ಡಾಕ್ಟರಮ್ಮ ಮಗನನ್ನು ನೋಡಿ ಮುಗಿಸಿ, “ಅಮ್ಮಾ, ನೀವೂ ಸ್ವಲ್ಪ ಬಾಯಿ ತೆಗೀರಿ” ಅಂದರು.

ಆಕೆ ಸೆರಗು ಬಾಯಿಗೆ ತಂದುಕೊಂಡಳು. “ನನಗೇನಾಗೇತ್ರಿ? ಬೋರ್ ನೀರು ಕುಡ್ದು ಹಿಂಗಾಗ್ಯಾವು.”

ಬೋರ್ ನೀರನ್ನು ದೂರುವುದು ಸುಳ್ಳೇನಲ್ಲ. ಜಗಳೂರು, ಚಿತ್ರದುರ್ಗ ಸೀಮೆಯ ನೀರಲ್ಲಿ ಫ್ಲೋರೈಡ್ ಜಾಸ್ತಿ. ಆದರೆ ಫ್ಲೋರೈಡ್ ಹಲ್ಲಿಗೆ ಕಂದು ಕಲೆ ಹಾಕುತ್ತದೆ, ಹಲ್ಲಿನ ಲೆಕ್ಕ ಕಡಿಮೆ ಮಾಡುವುದಿಲ್ಲ. ಈಕೆಗೆ ಮುಂದಿನ ಎರಡು ದೊಡ್ಡ ಹಲ್ಲುಗಳ ಪಕ್ಕದವು ಹುಟ್ಟೇ ಇರಲಿಲ್ಲ. ಒಂದು ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ.

ತಾಯಿ–ಮಗ ಇಬ್ಬರಿಗೂ ಇದ್ದ ಈ ತೊಂದರೆಗೆ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ಗರ್ಭದಲ್ಲಿ ಮಗುವಿನ ಹೊರಪದರದಿಂದಲೇ ಕೂದಲು, ಹಲ್ಲು, ಬೆವರಿನ ಗ್ರಂಥಿ ಮೂಡಬೇಕು. ಆ ಕೆಲಸಕ್ಕೆ ಬೇಕಾದ ಸೂಚನೆ ಕೊಡುವ ಜೀನ್ ಕೆಟ್ಟರೆ ಮೂರೂ ಕೆಡುತ್ತವೆ. ಹೆಚ್ಚು ಕಾಣುವ ಬಗೆಯಲ್ಲಿ ಆ ಜೀನ್ ಇರುವುದು ಎಕ್ಸ್ ಕ್ರೋಮೋಸೋಮ್ ಎಂಬ ಜೀನ್‌ಗಳ ಎಳೆಯಲ್ಲಿ.

ಇದರ ಹಳೆಯ ದಾಖಲೆಯೊಂದು ನಮ್ಮ ಉಪಖಂಡದ್ದೇ. ಸಿಂಧ್ ಪ್ರಾಂತ್ಯದ ಒಂದು ಹಿಂದೂ ಕುಟುಂಬದ ಬಗ್ಗೆ ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಬರೆದ. ನಾಲ್ಕು ತಲೆಮಾರಿನ 10 ಗಂಡಸರಿಗೆ ಎರಡೂ ದವಡೆ ಸೇರಿ 4 ಬಾಚಿಹಲ್ಲು, 8 ದವಡೆಹಲ್ಲು, ಅಷ್ಟೇ. ಮೈಮೇಲೆ ಕೂದಲು ತೀರಾ ಕಮ್ಮಿ, ಬೇಸಿಗೆಯಲ್ಲಿ ಚರ್ಮ ಒಣಗಿ ಒದ್ದಾಟ. ಹೆಣ್ಣುಮಕ್ಕಳಿಗೆ ಮಾತ್ರ ಏನೂ ಆಗುವುದಿಲ್ಲ, ಆದರೆ ತಮ್ಮ ಗಂಡುಮಕ್ಕಳಿಗೆ ದಾಟಿಸುತ್ತಾರೆ ಎಂದ. ದಾಟಿಸುವ ಮಾತು ಸರಿ. ಎಡವಿದ್ದು ‘ಏನೂ ಆಗುವುದಿಲ್ಲ’ ಎಂಬಲ್ಲಿ.

ಆ ಮಾತು ಬಹಳ ಕಾಲ ಉಳಿಯಿತು. ತಾಯಂದಿರಿಗೆ ‘ಕ್ಯಾರಿಯರ್’ ಎಂಬ ಹೆಸರು ಬಿತ್ತು. ನನಗಂತೂ ಅದು ಹೈವೇಯಲ್ಲಿ ಲೋಡು ಸಾಗಿಸುವ ಲಾರಿಗೆ ಇಟ್ಟ ಹೆಸರಿನಂತೆ ಕೇಳುತ್ತದೆ. ಲಾರಿಗೂ ಹಲ್ಲುನೋವು ಬರಬಹುದು ಅಂತ ಯಾರು ಯೋಚಿಸುತ್ತಾರೆ?

1961ರಲ್ಲಿ ಬ್ರಿಟನ್ನಿನ ಮೇರಿ ಲಯನ್ ಎಂಬ ತಳಿವಿಜ್ಞಾನಿ ಗಂಟು ಬಿಡಿಸುವ ದಾರಿ ತೋರಿಸಿದಳು. ಗಂಡಿಗೆ ಒಂದೇ ಎಕ್ಸ್, ಹೆಣ್ಣಿಗೆ ಎರಡು. ಹೆಣ್ಣಿನ ಪ್ರತಿ ಜೀವಕೋಶದಲ್ಲೂ ಒಂದು ಸುಮ್ನಾಗುತ್ತದೆ. ಯಾವುದು ಸುಮ್ನಾಗುತ್ತದೆ ಎನ್ನುವುದು ಅದೃಷ್ಟದ ಆಟ. ಹಾಗಾಗಿ ಅವಳ ಮೈ ಕರಿ ಬಿಳಿ ಉಣ್ಣೆ ಬೆರೆಸಿ ನೇಯ್ದ ಚಳ್ಳಕೆರೆ ಕಂಬಳಿ ಇದ್ದ ಹಾಗೆ, ಒಂದು ಕಡೆ ಒಳ್ಳೆ ಜೀನ್, ಇನ್ನೊಂದು ಕಡೆ ಕೆಟ್ಟದ್ದು. ಇಂಥ ಹೆಣ್ಣುಮಗಳ ಬೆನ್ನಿಗೆ ಅಯೋಡಿನ್ ಸವರಿ, ಗಂಜಿಪುಡಿ ಉದುರಿಸಿ, ಬೆವರು ಬರಿಸಿದರೆ ಅದು ಕಣ್ಣಿಗೇ ಕಾಣುತ್ತದೆ. ಬೆವರಿದ ಕಡೆ ಕಪ್ಪುನೀಲಿ, ನಡುವೆ ಬಣ್ಣ ಹತ್ತದ ಪಟ್ಟೆಗಳು.

ಕೆಟ್ಟ ಜೀನ್ ಯಾವುದೆಂದು ತಿಳಿದದ್ದು 1996ರಲ್ಲಿ. 2018ರಲ್ಲಿ ಜರ್ಮನಿಯ ವೈದ್ಯರು, ಆ ಜೀನ್ ತಯಾರಿಸಬೇಕಿದ್ದ ಪ್ರೋಟೀನನ್ನು ಗರ್ಭದಲ್ಲಿದ್ದಾಗಲೇ ಗರ್ಭನೀರಿನ ಮೂಲಕ ಪಡೆದ ಮೂರು ಗಂಡುಮಕ್ಕಳ ಬಗ್ಗೆ ವರದಿ ಮಾಡಿದರು. ಮೂವರಿಗೂ ಬೆವರು ಬಂತು.

ಹೆಂಗಸರ ಪಾಡು ಒಬ್ಬೊಬ್ಬರದು ಒಂದೊಂದು ಎಂದು ಡಾಕ್ಟರಮ್ಮ ಆಕೆಗೆ ಬಿಡಿಸಿ ಹೇಳಿದರು. ಕೆಲವರಿಗೆ ಒಂದು ಹಲ್ಲು ಸಣ್ಣದು, ಅಷ್ಟೇ. ಕೆಲವರಿಗೆ ಹತ್ತಾರು ಹಲ್ಲೇ ಇಲ್ಲ. ಎಂಜಲು ಕಮ್ಮಿಯಾದವರಿಗೆ ಬಾಯಿ ಒಣಗಿ ಹುಳುಕು ಬೇಗ ಹಿಡಿಯುತ್ತದೆ. ಹಾಲುಹಲ್ಲಿನ ಕೆಳಗೆ ಬೇರೆ ಹಲ್ಲಿಲ್ಲ ಅಂತ ಎಕ್ಸ್‌ರೇಯಲ್ಲಿ ಕಂಡರೆ, ಗಟ್ಟಿಯಿರುವ ತನಕ ಅದನ್ನು ಕೀಳಿಸಬಾರದು. ಚೂಪು ಹಲ್ಲಿಗೆ ಹಲ್ಲಿನ ಬಣ್ಣದ್ದೇ ಸಿಮೆಂಟ್ ಕಟ್ಟಿ ಆಕಾರ ಕೊಡಬಹುದು. ದವಡೆ ಬೆಳೆದು ನಿಂತ ಮೇಲೆ ಇಂಪ್ಲಾಂಟ್. ಕೆಲವರಿಗೆ ಎದೆಹಾಲೂ ಕಮ್ಮಿ.

ಈ ಕೊನೆಯ ಮಾತಿಗೆ ಆಕೆ ತಲೆ ಎತ್ತಿದಳು. ಮಗ ಹುಟ್ಟಿದಾಗ ಹಾಲು ಸಾಲದೆ ಅತ್ತೆಯಿಂದ ತಿಂದ ಮಾತುಗಳನ್ನೆಲ್ಲ ಹೇಳಿದಳು. ಡಾಕ್ಟರಮ್ಮ ಬರೆಯುವುದು ಬಿಟ್ಟು ಕೇಳುತ್ತಿದ್ದರು.

“ನನ್ನ ತಂಗಿಗೂ ಹಲ್ಲು ಹಿಂಗೇ ಅದಾವ್ರಿ,” ಎಂದಳು ಕೊನೆಗೆ. “ಅಕಿಗೀಗ ಮೂರು ತಿಂಗಳು.”

ಡಾಕ್ಟರಮ್ಮ ಚೀಟಿ ತಿರುಗಿಸಿ, ಹಿಂದೆ ತಂಗಿಯ ಹೆಸರು ಬರೆದುಕೊಂಡರು.